ಡಾ. ಲೆಸ್ಲಿ ಕೋಲ್ಮನ್

ಮಲೆನಾಡಿನಲ್ಲಿ ಮುಂಗಾರು ಬಲವಾಗಿ ಹಿಡಿಯಿತೆಂದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಅಡಿಕೆಯ ಬೆಳೆಗಾರನಿಗೆ ಆತಂಕ ಮೊದಲಾಗುವುದು ಆಗಲೇ. ಎಳೆಯ ಕಾಯಿಯ ತೊಟ್ಟಿನ ಬಳಿ ನೀರು ಹೀರಿದಂತಹ ಕಪ್ಪುಹಸಿರು ಕಲೆಯೊಂದು ಮೂಡುತ್ತದೆ. ಅದು ಹರಡಿ ಕಾಯಿಯನ್ನೆಲ್ಲ ಆವರಿಸುತ್ತದೆ. ಕಾಯಿಗಳು ಒಂದೊಂದಾಗಿ ಉದುರತೊಡಗುತ್ತವೆ. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಕವಿಯುತ್ತದೆ. ಇದೇ ಕೊಳೆರೋಗ. ವರ್ಷದ ದುಡಿಮೆಯೆಲ್ಲ ಕೆಲವೇ ದಿನಗಳಲ್ಲಿ ಮರದ ಬುಡದಲ್ಲಿ ರಾಶಿಯಾಗಿ ಕೊಳೆಯುವುದನ್ನು ಕಂಡ ಕುಟುಂಬಗಳು ಎಷ್ಟೋ. ಈ ರೋಗದ ಮೂಲವನ್ನು ವಿವರವಾಗಿ ಅರಿತು, ಅದನ್ನು ತಡೆಯುವ ಮಾರ್ಗವನ್ನು ತೋರಿಸಿದವರು ದೂರದ ಕೆನಡಾ ದೇಶದಿಂದ ಬಂದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ನರು 1878ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಜರ್ಮನಿಯ ಗಟಿಂಗನ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದರು. 1908ರಲ್ಲಿ ಮೈಸೂರು ಸರ್ಕಾರವು ಅವರನ್ನು ಶಿಲೀಂಧ್ರತಜ್ಞರನ್ನಾಗಿಯೂ ಕೀಟತಜ್ಞರನ್ನಾಗಿಯೂ ನೇಮಿಸಿಕೊಂಡಿತು. ಆಗ ಅವರಿಗೆ ಮೂವತ್ತರ ಹರೆಯ.

ಅಂದಿನ ಬೆಂಗಳೂರು ಎರಡು ಆಡಳಿತಗಳಿಗೆ ಒಳಪಟ್ಟ ಊರು. ಹಲಸೂರು ಮೊದಲಾದ ಪೂರ್ವಭಾಗಗಳನ್ನು ಒಳಗೊಂಡ ದಂಡುಪ್ರದೇಶವು ಬ್ರಿಟಿಷರ ಅಧೀನದಲ್ಲಿತ್ತು. ಪೇಟೆಯೂ ಸುತ್ತಲಿನ ಹಳ್ಳಿಗಳೂ ಮೈಸೂರು ಮಹಾರಾಜರ ಸರ್ಕಾರಕ್ಕೆ ಸೇರಿದ್ದವು. ದಂಡಿನ ಉತ್ತರಕ್ಕಿರುವ ಹೆಬ್ಬಾಳದಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ನೀಡಿದ ಭೂಮಿಯಲ್ಲಿ ವ್ಯವಸಾಯದ ಪ್ರಯೋಗಗಳು ಆಗಲೇ ಆರಂಭವಾಗಿದ್ದವು. ಕೋಲ್ಮನ್ನರ ಮುಂದಿನ ಕೆಲಸಕ್ಕೆ ಬೆಂಗಳೂರು ನೆಲೆಯಾಯಿತಾದರೂ ಅವರನ್ನು ಮೊದಲು ಕರೆದದ್ದು ಮಲೆನಾಡಿನ ತೋಟಗಳ ಕೂಗು.

ಕೊಳೆರೋಗವು ಕೋಲ್ಮನ್ನರಿಗಿಂತ ಮೊದಲೇ ವಿಜ್ಞಾನಿಗಳ ಗಮನಕ್ಕೆ ಬಂದಿತ್ತು. ಭಾರತದ ಸಸ್ಯರೋಗ ವಿಜ್ಞಾನಕ್ಕೆ ತಳಹದಿ ಹಾಕಿದ ಇ. ಜೆ. ಬಟ್ಲರ್ ಅವರು ಅದು ಫೈಟಾಪ್ತರ ಎಂಬ ಕುಲಕ್ಕೆ ಸೇರಿದ ಜೀವಿಯಿಂದ ಬರುವುದೆಂದು ಗುರುತಿಸಿದ್ದರು. ಆ ಗ್ರೀಕ್ ಹೆಸರಿಗೆ ಸಸ್ಯನಾಶಕ ಎಂದು ಅರ್ಥ. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆಯನ್ನು ಹಾಳುಗೆಡವಿ ಘೋರ ಕ್ಷಾಮವನ್ನು ತಂದಿಟ್ಟದ್ದು ಇದೇ ಕುಲದ ಇನ್ನೊಂದು ಜೀವಿ. ಆದರೆ ಶತ್ರುವಿನ ಮನೆತನ ತಿಳಿದ ಮಾತ್ರಕ್ಕೆ ಅವನನ್ನು ಗೆಲ್ಲಲಾಗುವುದಿಲ್ಲ. ಅವನು ಎಲ್ಲಿ ಅಡಗುತ್ತಾನೆ, ಯಾವಾಗ ಹೊರಬರುತ್ತಾನೆ, ಹೇಗೆ ಸಂಚರಿಸುತ್ತಾನೆ ಎಂಬುದು ತಿಳಿಯಬೇಕು. ಕೋಲ್ಮನ್ನರು ಕೈಗೊಂಡದ್ದು ಈ ಕೆಲಸವನ್ನು.

ಅವರು ರೋಗ ತಗುಲಿದ ಕಾಯಿಗಳಿಂದ ಜೀವಿಯನ್ನು ಬೇರ್ಪಡಿಸಿ ಬೆಳೆಸಿದರು. ಅದನ್ನು ಆರೋಗ್ಯವಂತ ಕಾಯಿಗಳಿಗೆ ಸೋಂಕಿಸಿ ಪರೀಕ್ಷಿಸಿದರು. ಸೂಕ್ಷ್ಮದರ್ಶಕದ ಕೆಳಗೆ ಕೊಳೆರೋಗದ ಸಂಗತಿ ಸ್ವಾರಸ್ಯಕರವಾದುದು. ಬಿಳಿಯ ಬೂಷ್ಟಿನ ಎಳೆಗಳ ತುದಿಯಲ್ಲಿ ನಿಂಬೆಯ ಹಣ್ಣಿನ ಆಕಾರದ ಪುಟ್ಟ ಚೀಲಗಳಿರುತ್ತವೆ. ಚೀಲಕ್ಕೆ ತಣ್ಣನೆಯ ನೀರು ಸೋಕಿದರೆ ಅದು ಒಡೆದು ಅನೇಕ ಬೀಜಕಗಳನ್ನು ಹೊರಬಿಡುತ್ತದೆ. ಪ್ರತಿಯೊಂದು ಬೀಜಕಕ್ಕೂ ಬಾಲದಂತಹ ಎರಡು ಎಳೆಗಳುಂಟು. ಅವುಗಳ ಸಹಾಯದಿಂದ ಅದು ಕಾಯಿಯ ಮೇಲಿನ ನೀರಿನ ತೆಳುಪದರದಲ್ಲಿ ಈಜಿ ಹೊಸ ಕಾಯಿಯನ್ನು ಸೇರುತ್ತದೆ. ಮಳೆಯ ಹನಿ ಸಿಡಿದಂತೆ, ಗಾಳಿ ಬೀಸಿದಂತೆ ರೋಗ ಕೊನೆಯಿಂದ ಕೊನೆಗೆ, ಮರದಿಂದ ಮರಕ್ಕೆ ಹಬ್ಬುತ್ತದೆ. ಎಡೆಬಿಡದ ಮಳೆಯೊಡನೆ ಕೊಳೆ ಬರುವುದರ ಕಾರಣ ಇದು.

ಮಲೆನಾಡಿನ ರೈತರಿಗೆ ಸೂಕ್ಷ್ಮದರ್ಶಕವಿರಲಿಲ್ಲ. ಆದರೂ ನೀರೇ ಇದರ ವಾಹನವೆಂಬುದನ್ನು ಅವರು ಅನುಭವದಿಂದ ಅರಿತಿದ್ದರು. ಮಳೆಗೆ ಮೊದಲು ಮರವೇರಿ ಪ್ರತಿಯೊಂದು ಕೊನೆಗೂ ಕೊಟ್ಟೆ ಕಟ್ಟುವುದು ಅವರ ಪದ್ಧತಿಯಾಗಿತ್ತು. ಕೊನೆ ನೆನೆಯದಿದ್ದರೆ ಕೊಳೆ ಹತ್ತದು. ಈ ಉಪಾಯ ಬುದ್ಧಿವಂತಿಕೆಯದೇ, ಅದನ್ನು ಹಳೆಯ ಕಾಲದ ಮೌಢ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಅದಕ್ಕೆ ತಗಲುವ ಆಳು, ಕಾಲಗಳು ಅಪಾರ. ದೊಡ್ಡ ತೋಟದ ಎಲ್ಲ ಕೊನೆಗಳಿಗೂ ಸಕಾಲದಲ್ಲಿ ಕಟ್ಟಿ ಮುಗಿಸುವುದು ಸುಲಭವಲ್ಲ.

ಕೋಲ್ಮನ್ನರು ಇದಕ್ಕೆ ಬದಲಾಗಿ ಬೋರ್ಡೋ ದ್ರಾವಣವನ್ನು ಪ್ರಯೋಗಿಸಿದರು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಿಗಾಗಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಕಟಿಸಿದ ಔಷಧವಿದು. ಮೈಲುತುತ್ತ, ಸುಣ್ಣ, ನೀರು ಇವುಗಳ ಮಿಶ್ರಣ. ಈಗ ರೂಢಿಯಲ್ಲಿರುವ ಪ್ರಮಾಣದಂತೆ 100 ಲೀಟರ್ ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ ಬೇಕು. ಸುಣ್ಣ ಸಾಲದಿದ್ದರೆ ದ್ರಾವಣ ಕಾಯಿಯನ್ನು ಸುಡುತ್ತದೆ. ಹೊಳೆಯುವ ಕಬ್ಬಿಣದ ಚೂರಿಯನ್ನು ಅದರಲ್ಲಿ ಅದ್ದಿ ನೋಡಿದರೆ ಇದು ಗೊತ್ತಾಗುತ್ತದೆ: ಚೂರಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು.

ದ್ರಾಕ್ಷಿಯ ಔಷಧವನ್ನು ಅಡಿಕೆಗೆ ಹೊಂದಿಸುವುದು ಹೇಳಿದಷ್ಟು ಸರಳವಲ್ಲ. ದ್ರಾಕ್ಷಿಯ ಬಳ್ಳಿ ಕೈಗೆಟಕುತ್ತದೆ. ಅಡಿಕೆಯ ಕೊನೆ ಮುಗಿಲೆತ್ತರದಲ್ಲಿ ತೂಗುತ್ತದೆ. ಅಲ್ಲಿಯವರೆಗೆ ದ್ರಾವಣ ಮುಟ್ಟಬೇಕು. ಮುಟ್ಟಿದ್ದು ಮಲೆನಾಡಿನ ಜಡಿಮಳೆಗೆ ತೊಳೆದುಹೋಗಬಾರದು. ಅಂಟು ಬರಲೆಂದು ರಾಳವನ್ನು ಸೋಡಾದೊಂದಿಗೆ ಬೇಯಿಸಿ ಬೆರೆಸುವ ಕ್ರಮವನ್ನು ಅವರು ಬಳಸಿದರು. ಸಿಂಪರಣೆಯ ಕಾಲವಂತೂ ಇನ್ನೂ ಮುಖ್ಯವಾದುದು. ಕಾಯಿಯೊಳಗೆ ಹೊಕ್ಕ ರೋಗವನ್ನು ಈ ಔಷಧ ಕೀಳಲಾರದು, ಹೊಗದಂತೆ ತಡೆಯಬಲ್ಲದು ಅಷ್ಟೆ. ಆದುದರಿಂದ ಮಳೆ ಹಿಡಿಯುವ ಮೊದಲೇ ಒಮ್ಮೆ, ಸುಮಾರು 40 ರಿಂದ 45 ದಿನಗಳ ತರುವಾಯ ಮತ್ತೊಮ್ಮೆ ಕೊನೆಗಾರನು ಮರವೇರಿ ಸಿಂಪಡಿಸುವುದು ತೋಟಗಳಲ್ಲಿ ವಾಡಿಕೆಯಾಗಿ ನೆಲೆನಿಂತಿತು. 1910ರಲ್ಲಿ ಕೋಲ್ಮನ್ನರು ಈ ಅಧ್ಯಯನವನ್ನು ಪುಸ್ತಿಕೆಯಾಗಿ ಪ್ರಕಟಿಸಿ, ರೋಗಾಣುವಿಗೆ ಅಡಿಕೆಯ ಹೆಸರನ್ನೇ ಸೇರಿಸಿಟ್ಟರು. ಈ ಜೀವಿಗಳು ನಿಜವಾದ ಶಿಲೀಂಧ್ರಗಳಲ್ಲ, ಕಂದುಬಣ್ಣದ ಪಾಚಿಗಳಿಗೆ ಹೆಚ್ಚು ಹತ್ತಿರವಾದವು ಎಂಬುದು ಅನಂತರದ ಸಂಶೋಧನೆಯಿಂದ ತಿಳಿದುಬಂದಿದೆ. ಅಡಿಕೆಯ ಕೊಳೆಗೆ ಇದೇ ಕುಲದ ಬೇರೆ ಪ್ರಭೇದಗಳೂ ಕಾರಣವೆಂದು ಕಂಡುಬಂದಿದೆ. ಸಿಂಪರಣೆ ಮಾತ್ರ ಬದಲಾಗಿಲ್ಲ.

ಒಬ್ಬನು ತೋಟವನ್ನು ಅಲಕ್ಷಿಸಿದರೆ ನೆರೆಯವನ ಶ್ರಮವೂ ವ್ಯರ್ಥವಾಗುವುದಷ್ಟೆ. ಇಂತಹ ಪಿಡುಗುಗಳನ್ನು ಎಲ್ಲರೂ ಕೂಡಿ ತಡೆಯುವಂತಾಗಲೆಂದು ಮೈಸೂರು ಸರ್ಕಾರವು 1917ರಲ್ಲಿ ಬೆಳೆಯ ಕೀಟ ಮತ್ತು ರೋಗಗಳ ಕಾಯಿದೆಯನ್ನು ತಂದಿತು. ಅದರ ಕರಡನ್ನು ಸಿದ್ಧಪಡಿಸಿದವರು ಕೋಲ್ಮನ್ನರೇ. ಶ್ರೀಗಂಧದ ಮರಗಳನ್ನು ಕೊಲ್ಲುತ್ತಿದ್ದ ಸ್ಪೈಕ್ ರೋಗವನ್ನೂ ಅವರು ಅದೇ ಕಾಲದಲ್ಲಿ ಪರಿಶೀಲಿಸಿದರು. ಅಲ್ಲಿ ಯಾವ ಶಿಲೀಂಧ್ರವೂ ಕಾರಣವಾಗಿ ಕಾಣಲಿಲ್ಲ. ಸಿಕ್ಕಿದ ಬೂಷ್ಟಿನ ಮೇಲೆ ಅಪರಾಧ ಹೊರಿಸುವ ಅವಸರ ಅವರದಲ್ಲ. ರೋಗದ ಕೊಂಬೆಯನ್ನು ಒಳ್ಳೆಯ ಗಿಡಕ್ಕೆ ಕಸಿಮಾಡಿ, ಇದು ಅಂಟುವ ರೋಗವೆಂಬುದನ್ನು ತೋರಿಸಿದರು. ಅದರ ಅತಿಸೂಕ್ಷ್ಮವಾದ ಕಾರಕವು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಗೋಚರವಾದದ್ದು 1969ರಲ್ಲಿ.

1913ರಲ್ಲಿ ಹೆಬ್ಬಾಳದಲ್ಲಿ ಕೃಷಿಶಾಲೆ ಆರಂಭವಾಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿ ಕೋಲ್ಮನ್ನರು ಅದನ್ನು ಬೆಳೆಸಿದರು. ಕೀಟಗಳ ಅಧ್ಯಯನದಲ್ಲಿ ಕುಂಞಿಕಣ್ಣನ್, ಶಿಲೀಂಧ್ರಗಳ ಅಧ್ಯಯನದಲ್ಲಿ ಎಂ. ಜೆ. ನರಸಿಂಹನ್ ಮೊದಲಾದ ಭಾರತೀಯ ವಿಜ್ಞಾನಿಗಳು ಅವರ ಇಲಾಖೆಯಲ್ಲಿ ದುಡಿದರು. ಕಾಫಿಯ ರೋಗಗಳಿಗಾಗಿ 1925ರಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಹುಟ್ಟಿತು.

ಇಪ್ಪತ್ತಾರು ವರ್ಷಗಳ ಸೇವೆಯ ಅನಂತರ, 1934ರಲ್ಲಿ, ಕೋಲ್ಮನ್ನರು ಕೆನಡಾಕ್ಕೆ ಮರಳಿದರು. ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಯಿತು. 1954ರಲ್ಲಿ ಕೋಲ್ಮನ್ನರು ನಿಧನರಾದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಅದೇ ಹೆಬ್ಬಾಳದಲ್ಲಿ ಸ್ಥಾಪನೆಯಾದದ್ದು ಅದಾದ ಹತ್ತು ವರ್ಷಗಳಿಗೆ.