ಹೆನ್ರಿ ಸಲಿವನ್ ಥಾಮಸ್

ಹೆನ್ರಿ ಸಲಿವನ್ ಥಾಮಸ್ ಅವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿದ ಬ್ರಿಟಿಷ್ ಅಧಿಕಾರಿ ಹಾಗೂ ಮತ್ಸ್ಯ ಅಧ್ಯಯನಕಾರರು. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದ ಇವರು ಭಾರತದ ಹೊಳೆಗಳಲ್ಲಿ ಗಾಳದಿಂದ ಮೀನು ಹಿಡಿಯುವ ವಿಧಾನವನ್ನು ಶಾಸ್ತ್ರೀಯವಾಗಿ ವಿವರಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥದಿಂದ ಪ್ರಸಿದ್ಧರಾದರು.

ದಕ್ಷಿಣ ಕನ್ನಡದಲ್ಲಿ

ಆ ಕಾಲದ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿದ್ದು, ಕಾಸರಗೋಡನ್ನೂ ಒಳಗೊಂಡಿತ್ತು. ನೇತ್ರಾವತಿ, ಕುಮಾರಧಾರಾ, ಪಯಸ್ವಿನಿ ಮುಂತಾದ ಹೊಳೆಗಳು ಪಶ್ಚಿಮ ಘಟ್ಟದಿಂದಿಳಿದು ಕಡಲು ಸೇರುವ ಈ ಜಿಲ್ಲೆಯಲ್ಲಿ ಥಾಮಸ್ ಅವರ ಗಮನವನ್ನು ಮೊದಲು ಸೆಳೆದದ್ದು ಮೀನಿನ ಬೇಟೆಯಷ್ಟೇ ಅಲ್ಲ, ಮೀನಿನ ನಾಶವೂ ಹೌದು. ಕಿರುಗಣ್ಣಿನ ಬಲೆ, ಹೊಳೆಗೆ ಅಡ್ಡವಾಗಿ ಒಡ್ಡಿದ ಕೂಳಿ, ವಿಷದ ಕಾಯಿ ಇವುಗಳಿಂದ ಮರಿಗಳು ಬೆಳೆಯುವ ಮೊದಲೇ ಸಾಯುತ್ತಿದ್ದವು. ಮರಿಯನ್ನು ಉಳಿಸಿದರೆ ಅದೇ ಹೊಳೆ ಬಡವರಿಗೆ ಹಲವು ಪಟ್ಟು ಆಹಾರ ನೀಡಬಲ್ಲದು ಎಂಬುದು ಅವರ ನಿಲುವಾಗಿತ್ತು. ಜಿಲ್ಲೆಯ ಮೀನು ಸಾಕಣೆಯನ್ನು ಕುರಿತ ಅವರ ವರದಿಯು 1870ರಲ್ಲಿ ಪ್ರಕಟವಾಯಿತು.

ಎರೆಯ ಆಯ್ಕೆ

‘ದಿ ರಾಡ್ ಇನ್ ಇಂಡಿಯಾ’ ಗ್ರಂಥದ ಮೊದಲ ಮುದ್ರಣವು 1873ರಲ್ಲಿ ಮಂಗಳೂರಿನಲ್ಲಿಯೇ ಹೊರಬಂದಿತು. 1881 ಮತ್ತು 1897ರಲ್ಲಿ ಪರಿಷ್ಕೃತ ಆವೃತ್ತಿಗಳು ಲಂಡನ್ನಿನಲ್ಲಿ ಪ್ರಕಟವಾದವು. ಗ್ರಂಥದ ಕೇಂದ್ರದಲ್ಲಿರುವುದು ಮಹಸೀರ್. ಕಾವೇರಿ ತೀರದವರು ಇದನ್ನು ಬಿಳಿಮೀನು ಎನ್ನುತ್ತಾರೆ.

ಮೀನು ಏನನ್ನು, ಹೇಗೆ ತಿನ್ನುತ್ತದೆ ಎಂಬುದನ್ನು ತಿಳಿದ ಮೇಲೆಯೇ ಗಾಳಕ್ಕೆ ಎರೆಯನ್ನು ಆರಿಸಬೇಕೆಂಬುದು ಈ ಗ್ರಂಥದ ಮೂಲ ತತ್ತ್ವ. ಮಹಸೀರ್ ಸಣ್ಣ ಮೀನು, ಏಡಿ, ಹೊಳೆಗೆ ಉದುರಿದ ಹಣ್ಣು ಎಲ್ಲವನ್ನೂ ತಿನ್ನುತ್ತದೆ. ಅದರ ದವಡೆಯಲ್ಲಿ ಹಲ್ಲುಗಳಿಲ್ಲ. ಗಂಟಲಿನಲ್ಲಿ ಬಲವಾದ ಹಲ್ಲುಗಳಿವೆ. ದಪ್ಪ ತುಟಿಯ ಆ ಬಾಯಿಯ ಹಿಡಿತಕ್ಕೆ ಸಾಧಾರಣ ಗಾಳ ನಜ್ಜುಗುಜ್ಜಾಗುತ್ತದೆ. ಆದ್ದರಿಂದ ಗಟ್ಟಿಯಾದ ಗಾಳ ಅಗತ್ಯ. ಕಚ್ಚಿದೊಡನೆ ಅದು ರಭಸದಿಂದ ಓಡುವುದರಿಂದ ರೀಲಿನಲ್ಲಿ ಉದ್ದನೆಯ ದಾರವೂ ಇರಬೇಕು.

ಸತ್ತ ಸಣ್ಣ ಮೀನನ್ನು ಗಾಳಕ್ಕೆ ಪೋಣಿಸಿ, ನೀರಿನಲ್ಲಿ ಎಳೆದಾಗ ಅದು ಸುತ್ತುವಂತೆ ಮಾಡುವ ವಿಧಾನವನ್ನು ಥಾಮಸ್ ವಿವರವಾಗಿ ನಿರೂಪಿಸಿದ್ದಾರೆ. ಸುತ್ತುವ ಎರೆಯು ಗಾಯಗೊಂಡ ಮೀನಿನಂತೆ ಮಿಂಚಿ, ಬೇಟೆಯಾಡುವ ಮೀನನ್ನು ಕೆರಳಿಸುತ್ತದೆ. ದಾರ ಹೊಸೆದುಕೊಳ್ಳದಂತೆ ನಡುವೆ ತಿರುಗುವ ಕೊಂಡಿಯನ್ನು ಜೋಡಿಸಬೇಕು. ಎರೆಮೀನು ಸಿಗದಲ್ಲಿ ಚಮಚದಾಕಾರದ ಲೋಹದ ತಗಡು ಅದೇ ಕೆಲಸ ಮಾಡುತ್ತದೆ. ನೀರಿನ ಮೇಲೆ ಹಾರುವ ಹುಳುಗಳನ್ನು ತಿನ್ನುವ ಮೀನುಗಳಿಗೆ ಗರಿಯಿಂದ ಕಟ್ಟಿದ ಕೃತಕ ನೊಣ, ಕಾಳು ಹಿಟ್ಟುಗಳಿಗೆ ಒಗ್ಗಿದ ಮೀನುಗಳಿಗೆ ಹಿಟ್ಟಿನ ಉಂಡೆ ಸೂಕ್ತ. ಕಾವೇರಿಯಲ್ಲಿ ಮುಂದಿನ ತಲೆಮಾರುಗಳ ಗಾಳಗಾರರು ಬಳಸಿದ ರಾಗಿ ಉಂಡೆಯೂ ಇದೇ ಬಗೆಯದು.

ಕೆರೆಗಳ ಮೀನುಗಾರಿಕೆಯನ್ನು ಕುರಿತು ಥಾಮಸ್ ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’ (1887) ಎಂಬ ಪ್ರತ್ಯೇಕ ಗ್ರಂಥವನ್ನು ರಚಿಸಿದರು. ಹರಿಯುವ ಹೊಳೆಯ ವಿಧಾನ ನಿಂತ ನೀರಿಗೆ ಹೊಂದುವುದಿಲ್ಲ. ಚಿತ್ರದುರ್ಗದಂತಹ ಬಯಲುಸೀಮೆಯ ಕೆರೆಗಳಲ್ಲಿಯೂ ಇರುವ ಕೊರವ ಮೀನು ಇದಕ್ಕೆ ಉದಾಹರಣೆ. ಗಾಳಿಯನ್ನೂ ಉಸಿರಾಡಬಲ್ಲ ಈ ಮೀನು ಜೊಂಡಿನ ನಡುವೆ ಹೊಂಚು ಹಾಕುತ್ತದೆ. ಅದಕ್ಕೆ ಕಪ್ಪೆಯೇ ಒಳ್ಳೆಯ ಎರೆ.

ಪ್ರಭಾವ

ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಅವರು 1874ರಲ್ಲಿ ದಕ್ಷಿಣ ಕನ್ನಡದ ಮೀನೊಂದಕ್ಕೆ ಥಾಮಸ್ ಅವರ ಹೆಸರನ್ನಿಟ್ಟರು. ಅದು ಇಂದು ಹಿಪ್ಸೆಲೊಬಾರ್ಬಸ್ ಥಾಮಸ್ಸಿ ಎನಿಸಿಕೊಂಡಿದೆ. ಥಾಮಸ್ ಎಚ್ಚರಿಸಿದ್ದ ವಿಷಪ್ರಯೋಗವನ್ನೂ ನೀರಿನಲ್ಲಿ ಸಿಡಿಮದ್ದಿನ ಬಳಕೆಯನ್ನೂ 1897ರ ಭಾರತೀಯ ಮೀನುಗಾರಿಕಾ ಕಾಯಿದೆ ನಿಷೇಧಿಸಿತು. ಬಲೆಯ ಕಣ್ಣಿನ ಅಳತೆಯನ್ನು ನಿಗದಿಪಡಿಸುವ ಅಧಿಕಾರವನ್ನೂ ಸರಕಾರಗಳಿಗೆ ನೀಡಿತು.

ಈ ಚಿಂತನೆಗೆ ಇನ್ನೊಂದು ಮುಖವೂ ಇದೆ. ಕೂಳಿ, ಬಲೆಗಳ ಮೇಲಿನ ನಿರ್ಬಂಧ ತಟ್ಟುವುದು ಅವುಗಳಿಂದಲೇ ಹೊಟ್ಟೆ ಹೊರೆಯುವವರಿಗೆ. ಗಾಳದ ಕೋಲು ಹಿಡಿದು ವಿನೋದಕ್ಕಾಗಿ ಬಂದ ಅಧಿಕಾರಿಗಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಜನರು ಕಾಯಿದೆಯ ಹಂಗಿಲ್ಲದೆ ದೇವರ ಮೀನುಗಳೆಂಬ ಭಕ್ತಿಯಿಂದಲೇ ಮಹಸೀರ್‌ಗಳನ್ನು ಕಾಪಾಡಿಕೊಂಡು ಬಂದಿದ್ದಾರೆ.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ 120 ಪೌಂಡ್ ತೂಕದ ಮಹಸೀರನ್ನು ಗಾಳದಿಂದ ಹಿಡಿದರು. ಆ ಬೃಹತ್ ಮೀನಿನ ಜಾತಿಯಾದ ಗೂನುಬೆನ್ನಿನ ಮಹಸೀರ್ ಕಾವೇರಿ ಕೊಳ್ಳಕ್ಕಷ್ಟೇ ಸೀಮಿತವಾಗಿದ್ದು, 2018ರಿಂದ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜಾತಿ ಎಂದು ದಾಖಲಾಗಿದೆ. ಮರಿಗಳನ್ನು ಉಳಿಸದೆ ಹೊಳೆಗೆ ಭವಿಷ್ಯವಿಲ್ಲವೆಂಬ ಥಾಮಸ್ ಅವರ ವಾದವು ಈ ಹಿನ್ನೆಲೆಯಲ್ಲಿ ಇಂದಿಗೂ ಪ್ರಸ್ತುತವಾಗಿದೆ.