ಕಾಕಾ ಬ್ಯಾಪ್ಟಿಸ್ಟಾ: ಆಪಾದಿತರ ಪರ ನಿಂತ ಬ್ಯಾರಿಸ್ಟರ್

ಸರ್ಕಾರವೇ ಫಿರ್ಯಾದಿಯಾಗಿ ನಿಂತು ಒಬ್ಬನನ್ನು ರಾಜದ್ರೋಹಿಯೆಂದು ಕರೆದಾಗ, ಅವನ ಪಕ್ಕದಲ್ಲಿ ನಿಲ್ಲುವವರು ವಿರಳ. ಬಂಧುಗಳು ಹಿಂಜರಿಯುತ್ತಾರೆ, ಮಿತ್ರರು ಮರೆಯಾಗುತ್ತಾರೆ. ಅಂಥ ವೇಳೆಯಲ್ಲಿ ಕಾನೂನನ್ನೇ ಆಯುಧವಾಗಿ ಹಿಡಿದು ಅವನ ಪರವಾಗಿ ಮಾತನಾಡುವವನು ನ್ಯಾಯವಾದಿ. ಪರರ ಆಳ್ವಿಕೆಯ ಕಾಲದಲ್ಲಿ ಈ ಕಠಿನ ಕರ್ತವ್ಯವನ್ನು ಕೈಗೊಂಡ ಬ್ಯಾರಿಸ್ಟರ್ ಜೋಸೆಫ್ ಬ್ಯಾಪ್ಟಿಸ್ಟಾ ಅವರ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲೆಳಸಿದ್ದೇವೆ. ತುರ್ಭೆಯ ಕನ್ನಡಿಗರಾದ ನಮಗೆ ಅವರು ಎರಡು ವಿಧದಲ್ಲಿ ಹತ್ತಿರದವರು: ಅವರ ಮನೆತನದ ಮೂಲ ಠಾಣೆ ಜಿಲ್ಲೆ, ಅವರ ರಾಜಕೀಯ ಜೀವನದ ಬಹುಮುಖ್ಯ ಅಧ್ಯಾಯವೊಂದು ತೆರೆದದ್ದು ನಮ್ಮ ಬೆಳಗಾವಿಯಲ್ಲಿ.

ಬ್ಯಾಪ್ಟಿಸ್ಟಾ ಅವರು 1864ನೆಯ ಇಸವಿ ಮಾರ್ಚ್ 17ರಂದು ಮುಂಬಯಿಯ ಮಝಗಾಂವದ ಮಾಥಾರಪಾಖಾಡಿಯಲ್ಲಿ ಜನಿಸಿದರು. ತಂದೆ ಜಾನ್ ಬ್ಯಾಪ್ಟಿಸ್ಟಾ ಭಾಯಂದರದ ಬಳಿಯ ಉತ್ತನ್ ಗ್ರಾಮದವರು. ಈ ಕರಾವಳಿಯ ಮೂಲನಿವಾಸಿಗಳಾಗಿ, ಈಸ್ಟ್ ಇಂಡಿಯನ್ನರೆಂದು ಕರೆಯಿಸಿಕೊಳ್ಳುವ ಕ್ರೈಸ್ತ ಸಮಾಜಕ್ಕೆ ಸೇರಿದ ಕುಟುಂಬವದು. ಮಝಗಾಂವದ ಸೇಂಟ್ ಮೇರಿ ಶಾಲೆಯಲ್ಲಿ ಓದಿ, ಪುಣೆಯಲ್ಲಿ ಎಂಜಿನಿಯರಿಂಗ್ ಅಭ್ಯಾಸಮಾಡಿದ ಅವರು ಮುಂದೆ ಕೇಂಬ್ರಿಜ್‌ಗೆ ತೆರಳಿ ರಾಜ್ಯಶಾಸ್ತ್ರವನ್ನು ವ್ಯಾಸಂಗಮಾಡಿ, ಬ್ಯಾರಿಸ್ಟರ್ ಆಗಿ ಮರಳಿದರು. ಐರ್ಲೆಂಡಿನ ಸ್ವರಾಜ್ಯ ಚಳವಳಿ ಅವರ ಮನಸ್ಸನ್ನು ಆಳವಾಗಿ ಸೆಳೆದಿತ್ತು. ತಾಯ್ನಾಡಿನಲ್ಲಿ ಅವರು ಲೋಕಮಾನ್ಯ ತಿಲಕರ ಆಪ್ತಮಿತ್ರರಾದರು. ಜನರು ಅವರನ್ನು ಪ್ರೀತಿಯಿಂದ ಕಾಕಾ ಎಂದು ಕರೆಯುತ್ತಿದ್ದರು.

ಅವರ ಮೊದಲ ದೊಡ್ಡ ಪರೀಕ್ಷೆ 1908ರಲ್ಲಿ ಬಂದಿತು. ಮುಝಫರಪುರದ ಬಾಂಬ್ ಪ್ರಕರಣದ ತರುವಾಯ ಕೇಸರಿಯಲ್ಲಿ ಬರೆದ ಲೇಖನಗಳಿಗಾಗಿ ತಿಲಕರ ಮೇಲೆ ರಾಜದ್ರೋಹದ ಆಪಾದನೆ ಹೊರಿಸಲಾಯಿತು. ಸರ್ಕಾರವು ವಿಶೇಷ ಜ್ಯೂರಿಯನ್ನು ಬೇಡಿದಾಗ, ಅದನ್ನು ಮುಂಬಯಿ ಹೈಕೋರ್ಟಿನಲ್ಲಿ ವಿರೋಧಿಸಿದವರು ಬ್ಯಾಪ್ಟಿಸ್ಟಾ. ಇದು ಕೇವಲ ತಾಂತ್ರಿಕ ಆಕ್ಷೇಪವಾಗಿರಲಿಲ್ಲ. ವಿಶೇಷ ಜ್ಯೂರಿಯೆಂದರೆ ಬಹುಪಾಲು ಯುರೋಪಿಯನ್ನರು; ಲೇಖನಗಳೋ ಮರಾಠಿಯವು. ಆ ಭಾಷೆಯ ಗಂಧವಿಲ್ಲದವರು ಭಾಷಾಂತರವನ್ನೇ ನಂಬಿ ಅದರ ಧ್ವನಿಯನ್ನು ಹೇಗೆ ತೂಗಬಲ್ಲರು? ಆದರೂ ಆಕ್ಷೇಪ ತಳ್ಳಿಹೋಯಿತು. ತಿಲಕರು ತಮ್ಮ ವಾದವನ್ನು ತಾವೇ ಹಲವು ದಿನ ಮಂಡಿಸಿದರು. ಜ್ಯೂರಿಯಲ್ಲಿದ್ದ ಒಂಬತ್ತು ಜನರಲ್ಲಿ ಏಳು ಜನ ಯುರೋಪಿಯನ್ನರು, ಇಬ್ಬರು ಪಾರಸಿಗಳು. ಏಳಕ್ಕೆ ಎರಡರ ಬಹುಮತದಿಂದ ತಪ್ಪಿತಸ್ಥರೆಂಬ ತೀರ್ಮಾನ ಹೊರಬಿದ್ದಿತು. ಜುಲೈ 22ರಂದು ಆರು ವರ್ಷಗಳ ಗಡೀಪಾರಿನ ಶಿಕ್ಷೆಯಾಯಿತು. ವಿಚಾರಣೆಗೆ ಮೊದಲೇ ಬ್ಯಾಪ್ಟಿಸ್ಟಾ ಬೆರಳಿಟ್ಟು ತೋರಿಸಿದ ದೋಷವೆಂತಹುದೆಂಬುದು ಈ ಲೆಕ್ಕದಿಂದಲೇ ವಾಚಕರಿಗೆ ವಿದಿತವಾಗುವುದು.

ಎರಡನೆಯ ಪರೀಕ್ಷೆ ಇನ್ನೂ ಘೋರವಾದುದು. 1909ರ ಡಿಸೆಂಬರ್ 21ರಂದು ನಾಸಿಕದ ಕಲೆಕ್ಟರ್ ಜ್ಯಾಕ್ಸನ್ನರ ಕೊಲೆಯಾಯಿತು. ಅನಂತ ಕಾನ್ಹೇರೆ ಮತ್ತು ಅವರ ಇಬ್ಬರು ಸಂಗಡಿಗರು 1910ರ ಏಪ್ರಿಲ್ 19ರಂದು ನಮ್ಮ ಠಾಣೆಯ ಸೆರೆಮನೆಯಲ್ಲಿಯೇ ಗಲ್ಲಿಗೇರಿದರು. ಅದೇ ವರ್ಷ ವಿನಾಯಕ ದಾಮೋದರ ಸಾವರಕರ ಮೊದಲಾದ 38 ಜನರ ಮೇಲೆ ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದ ಸಂಚಿನ ಮೊಕದ್ದಮೆ ನಡೆಯಿತು. ಮೂವರು ನ್ಯಾಯಾಧೀಶರ ವಿಶೇಷ ನ್ಯಾಯಪೀಠವದು. ಅವರಲ್ಲೊಬ್ಬರು ಹೊನ್ನಾವರದಲ್ಲಿ ಜನಿಸಿದ ಸರ್ ನಾರಾಯಣ ಗಣೇಶ ಚಂದಾವರಕರರು. ಅಲ್ಲಿ ಜ್ಯೂರಿಯೂ ಇಲ್ಲ, ಮೇಲ್ಮನವಿಯೂ ಇಲ್ಲ. ಸಾವರಕರರ ಪರ ನಿಂತ ವಕೀಲರಲ್ಲಿ ಬ್ಯಾಪ್ಟಿಸ್ಟಾ ಪ್ರಮುಖರು. ಫ್ರಾನ್ಸಿನ ನೆಲವಾದ ಮಾರ್ಸೇಲ್ಸ್‌ನಲ್ಲಿ ಹಿಡಿದು ತಂದವರನ್ನು ವಿಚಾರಿಸುವ ಅಧಿಕಾರ ಈ ನ್ಯಾಯಪೀಠಕ್ಕುಂಟೇ ಎಂಬ ಪ್ರಶ್ನೆಯನ್ನು ಎತ್ತಲಾಯಿತು. ಪೀಠವು ಅದನ್ನು ಮನ್ನಿಸಲಿಲ್ಲ. ಡಿಸೆಂಬರ್ ತಿಂಗಳಲ್ಲಿ ಸಾವರಕರರಿಗೆ ಆಜೀವ ಕರಿನೀರಿನ ಶಿಕ್ಷೆ ವಿಧಿಸಲ್ಪಟ್ಟಿತು.

ಕೊಲೆಯ ನೆರಳು ಬಿದ್ದ ಮೊಕದ್ದಮೆಯಲ್ಲಿ ಆಪಾದಿತನ ಪರ ವಾದಿಸುವುದೆಂದರೆ ಕೊಲೆಯನ್ನು ಸಮರ್ಥಿಸಿದಂತಲ್ಲ. ಆಪಾದನೆಗೆ ಸಾಕ್ಷ್ಯವೇನು, ವಿಚಾರಣೆಯ ಕ್ರಮ ನ್ಯಾಯವಾದುದೇ ಎಂದು ಕೇಳುವುದಷ್ಟೇ ವಕೀಲನ ಧರ್ಮ. ಈ ಭೇದವನ್ನು ಮರೆತ ಜನರು ವಕೀಲನನ್ನೂ ಅಪರಾಧಿಯೊಡನೆ ಸೇರಿಸಿ ನೋಡುವುದುಂಟು. ಸರ್ಕಾರದ ಅವಕೃಪೆಗೆ ಅಂಜಿ ಬ್ಯಾಪ್ಟಿಸ್ಟಾ ಈ ಧರ್ಮವನ್ನು ತೊರೆಯಲಿಲ್ಲ.

ಮೂರನೆಯ ಪ್ರಸಂಗ ಕನ್ನಡನಾಡಿನದು. 1916ರ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ ತಿಲಕರ ಹೋಂ ರೂಲ್ ಲೀಗ್ ಸ್ಥಾಪಿತವಾದಾಗ ಬ್ಯಾಪ್ಟಿಸ್ಟಾ ಅವರೇ ಅದರ ಅಧ್ಯಕ್ಷರಾದರು. ಮೇ ತಿಂಗಳ ಮೊದಲ ದಿನ ತಿಲಕರು ಅಲ್ಲಿ ಸ್ವರಾಜ್ಯದ ವಿಷಯವಾಗಿ ಭಾಷಣಮಾಡಿದರು. ಆ ಭಾಷಣಕ್ಕಾಗಿಯೂ ಅಹಮದನಗರದ ಭಾಷಣಗಳಿಗಾಗಿಯೂ ಒಂದು ವರ್ಷದ ಸನ್ನಡತೆಗೆ 20,000 ರೂಪಾಯಿಗಳ ಮುಚ್ಚಳಿಕೆಯನ್ನೂ, ತಲಾ 10,000 ರೂಪಾಯಿಗಳ ಇಬ್ಬರು ಜಾಮೀನುದಾರರನ್ನೂ ಕೊಡಬೇಕೆಂದು ಪುಣೆಯ ಮ್ಯಾಜಿಸ್ಟ್ರೇಟರು ಆಜ್ಞಾಪಿಸಿದರು. ತಿಲಕರ ಪಕ್ಷವನ್ನು ವಹಿಸಿದ ಬ್ಯಾರಿಸ್ಟರುಗಳಲ್ಲಿ ಮಹಮ್ಮದ್ ಅಲಿ ಜಿನ್ನಾ ಮುಂದಾಳು. ಬ್ಯಾಪ್ಟಿಸ್ಟಾ ಹಾಗೂ ಎರುಲ್ಕರ್ ಅವರ ಜೊತೆಗಾರರು. ಆಡಳಿತದ ರೀತಿಯನ್ನು ಬದಲಿಸಬೇಕೆಂದು ಕೇಳುವುದು ದ್ರೋಹವಲ್ಲ. ಒಂದೆರಡು ವಾಕ್ಯಗಳನ್ನು ಹೆಕ್ಕದೆ ಭಾಷಣವನ್ನು ಇಡಿಯಾಗಿ ಓದಬೇಕು ಎಂಬುದು ವಾದದ ತಿರುಳು. ನವೆಂಬರ್ 9ರಂದು ಹೈಕೋರ್ಟು ಆ ಆಜ್ಞೆಯನ್ನು ರದ್ದುಗೊಳಿಸಿತು. ಎಂಟು ವರ್ಷಗಳ ಹಿಂದೆ ಸೋತ ಕಡೆಯಲ್ಲಿಯೇ ಈ ಬಾರಿ ಗೆಲುವು ಲಭಿಸಿತು. ಸ್ವರಾಜ್ಯವನ್ನು ಬಹಿರಂಗವಾಗಿ ಕೇಳುವ ಧೈರ್ಯ ಇದರಿಂದ ಜನರಲ್ಲಿ ಬೆಳೆಯಿತು.

ನ್ಯಾಯಾಲಯದ ಹೊರಗೂ ಅವರು ದುರ್ಬಲರ ವಕೀಲರೇ ಆಗಿದ್ದರು. ಮುಂಬಯಿಯ ಗಿರಣಿ ಕಾರ್ಮಿಕರಿಗೂ ಅಂಚೆಯವರಿಗೂ ಅವರು ಆಸರೆಯಾದರು. 1920ರ ಅಕ್ಟೋಬರ್ 31ರಂದು ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಆರಂಭವಾದಾಗ ಅದರ ಸ್ಥಾಪಕರಲ್ಲಿ ಒಬ್ಬರಾದರು. 1925ರಲ್ಲಿ ಮುಂಬಯಿ ನಗರಸಭೆಯ ಅಧ್ಯಕ್ಷ ಪದವಿ, ಎಂದರೆ ಇಂದಿನ ಮೇಯರ್ ಸ್ಥಾನ, ಅವರಿಗೆ ಒಲಿದು ಬಂದಿತು. 1930ರಲ್ಲಿ ಅವರು ದಿವಂಗತರಾದರು. ಡಾಕ್‌ಯಾರ್ಡ್ ರೋಡ್ ನಿಲ್ದಾಣದ ಮೇಲಣ ಮಝಗಾಂವ ಗುಡ್ಡದ ಉದ್ಯಾನ ಇಂದಿಗೂ ಅವರ ಹೆಸರನ್ನು ಧರಿಸಿದೆ. ತುರ್ಭೆಯ ವಿದ್ಯಾರ್ಥಿಗಳು ವಾಶಿಗೆ ಬಂದು ಹಾರ್ಬರ್ ಮಾರ್ಗದ ರೈಲು ಹಿಡಿದರೆ ಅದನ್ನು ಸುಲಭವಾಗಿ ಕಾಣಬಹುದು.

ರಾಷ್ಟ್ರದ ಭದ್ರತೆ ಸ್ವತಂತ್ರ ಭಾರತಕ್ಕೂ ಬೇಕಾದುದೇ. ಆದರೆ ನಮ್ಮ ಸಂವಿಧಾನದ 22ನೆಯ ಅನುಚ್ಛೇದವು, ಬಂಧಿತನಾದವನಿಗೆ ತನ್ನ ಇಚ್ಛೆಯ ವಕೀಲನನ್ನು ಕಂಡು, ಅವನ ಮೂಲಕ ತನ್ನನ್ನು ಸಮರ್ಥಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಹಕ್ಕು ಗ್ರಂಥದಲ್ಲಿದ್ದರೆ ಸಾಲದು. ಅದಕ್ಕೆ ದನಿಯಾಗಲು ಧೈರ್ಯವುಳ್ಳ ಮನುಷ್ಯರು ಬೇಕು. ಸೋತಾಗಲೂ ಅಂಜದೆ ಮತ್ತೊಮ್ಮೆ ಎದ್ದುನಿಂತ ಕಾಕಾ ಬ್ಯಾಪ್ಟಿಸ್ಟಾ ಅಂಥವರಲ್ಲಿ ಒಬ್ಬರು. ಅವರ ಚರಿತ್ರೆ ನಮ್ಮ ವಿದ್ಯಾರ್ಥಿಗಳಿಗೆ ದಾರಿದೀಪವಾಗಲೆಂದು ಹಾರೈಸುತ್ತೇವೆ.