ರೇಷ್ಮೆ ಹುಳುವನ್ನು ಕಾಪಾಡಿದ ಲೂಯಿ ಪಾಶ್ಚರ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಲೂಯಿ ಪಾಶ್ಚರ್ ಅವರನ್ನು ಆರಿಸಿಕೊಂಡೆ. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವರೆಂದು ನಾವೆಲ್ಲ ಅವರನ್ನು ಪಾಠದಲ್ಲಿ ಓದಿದ್ದೇವೆ. ಈ ಶಾಲೆಯಲ್ಲಿ ಕಲಿತು, ರೇಷ್ಮೆ ಇಲಾಖೆಯಲ್ಲಿ ದುಡಿದು ನಿವೃತ್ತನಾದ ನನಗೆ ಅವರು ಇನ್ನೊಂದು ಕಾರಣಕ್ಕೂ ಪೂಜ್ಯರು. ಹುಳು ಸಾಕುವ ನಮ್ಮೂರಿನ ಮನೆಗಳ ಮೇಲೆ ಅವರ ಋಣವಿದೆ.

ಪಾಶ್ಚರ್ 1822ರ ಡಿಸೆಂಬರ್ 27ರಂದು ಫ್ರಾನ್ಸಿನ ಡೋಲ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯದು ಚರ್ಮ ಹದ ಮಾಡುವ ಕಸುಬು. ಹುಡುಗ ಓದಿನಲ್ಲಿ ಸಾಧಾರಣ, ಚಿತ್ರ ಬರೆಯುವುದರಲ್ಲಿ ಗಟ್ಟಿಗ. ಮುಂದೆ ಪ್ಯಾರಿಸ್ಸಿನಲ್ಲಿ ಓದಿ ರಸಾಯನಶಾಸ್ತ್ರಜ್ಞರಾದರು. ಹಾಲು ಹುಳಿಯಾಗುವುದಕ್ಕೂ ದ್ರಾಕ್ಷಾರಸ ಕೆಡುವುದಕ್ಕೂ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿ ಹೆಸರು ಪಡೆದರು.

ಆಗ ದಕ್ಷಿಣ ಫ್ರಾನ್ಸಿನ ರೇಷ್ಮೆ ಸೀಮೆಗೆ ಪೆಬ್ರಿನ್ ರೋಗ ಬಡಿದಿತ್ತು. ನಾವು ಗಂಟು ರೋಗವೆನ್ನುವುದು ಇದನ್ನೇ. ಹುಳುಗಳ ಮೈಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳು; ಗೂಡು ಕಟ್ಟುವ ಮೊದಲೇ ಸಾವು. ಗುರುಗಳಾದ ದ್ಯೂಮಾ ಅವರ ಮಾತಿಗೆ ಕಟ್ಟುಬಿದ್ದು 1865ರಲ್ಲಿ ಪಾಶ್ಚರ್ ಅಲೆಸ್ ಎಂಬ ಊರಿಗೆ ಹೋದರು. ಅಲ್ಲಿಯವರೆಗೆ ಅವರು ರೇಷ್ಮೆ ಹುಳುವನ್ನು ಕೈಯಲ್ಲಿ ಹಿಡಿದವರೇ ಅಲ್ಲ.

ಅದು ಅವರಿಗೆ ಕಷ್ಟದ ಕಾಲ. ಹಿರಿಯ ಮಗಳು 1859ರಲ್ಲೇ ತೀರಿಕೊಂಡಿದ್ದಳು. 1865ರಲ್ಲಿ ತಂದೆಯೂ ಎರಡು ವರ್ಷದ ಮಗಳೂ ಹೋದರು. ಮರುವರ್ಷ ಹನ್ನೆರಡು ವರ್ಷದ ಇನ್ನೊಬ್ಬ ಮಗಳು ವಿಷಮಶೀತ ಜ್ವರಕ್ಕೆ ಬಲಿಯಾದಳು. ಆದರೂ ಕೆಲಸ ನಿಲ್ಲಲಿಲ್ಲ. ಹೆಂಡತಿ ಮರೀ, ಉಳಿದ ಮಗಳು, ಶಿಷ್ಯರು ಎಲ್ಲರೂ ಸೇರಿ ಸೊಪ್ಪು ಹಾಕಿ ಹುಳು ಸಾಕಿದರು. ರೋಗದ ಹುಳುಗಳಲ್ಲಿ ಕಾಣುವ ಸಣ್ಣ ಕಣಗಳನ್ನು ಬೇರೆಯವರು ಮೊದಲೇ ನೋಡಿದ್ದರು. ಅವೇ ರೋಗಕಾರಕವೆಂದು ಪಾಶ್ಚರ್ ಮೊದಮೊದಲು ಒಪ್ಪಿರಲಿಲ್ಲ. ಪ್ರಯೋಗಗಳನ್ನು ಮಾಡುತ್ತಾ ಹೋದಂತೆ ತಮ್ಮ ಅಭಿಪ್ರಾಯವನ್ನು ತಾವೇ ತಿದ್ದಿಕೊಂಡರು. ಸಪ್ಪೆ ರೋಗವು ಇದರಿಂದ ಬೇರೆಯೆಂಬುದನ್ನೂ ಕಂಡುಕೊಂಡರು. 1868ರ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಕೆಲವೇ ತಿಂಗಳಲ್ಲಿ ಅವರು ಮತ್ತೆ ಹುಳುಗಳ ಬಳಿಗೆ ಬಂದರು. 1870ರಲ್ಲಿ ಈ ಕುರಿತ ಗ್ರಂಥ ಹೊರಬಂತು.

ಅವರು ಕಂಡ ಪರಿಹಾರ ಸರಳ. ಈ ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಆದ್ದರಿಂದ ಒಂದೊಂದು ಚಿಟ್ಟೆಯಿಂದಲೂ ಪ್ರತ್ಯೇಕವಾಗಿ ಮೊಟ್ಟೆ ಇಡಿಸಬೇಕು. ಆಮೇಲೆ ತಾಯಿ ಚಿಟ್ಟೆಯನ್ನು ನೀರಿನಲ್ಲಿ ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಡಬೇಕು. ಕಾಣದಿದ್ದರೆ ಬಿತ್ತನೆಗೆ ಇಟ್ಟುಕೊಳ್ಳಬೇಕು. ನಮ್ಮ ಬಿತ್ತನೆ ಕೇಂದ್ರಗಳಲ್ಲಿ ಇಂದಿಗೂ ನಡೆಯುವ ತಾಯಿ ಚಿಟ್ಟೆ ಪರೀಕ್ಷೆಯ ಮೂಲ ಇದೇ. ನಾನೂ ವರ್ಷಗಟ್ಟಲೆ ಈ ಕೆಲಸ ಮಾಡಿದವನು. ಸಾಲ ತಂದು ಮೊಟ್ಟೆ ಕೊಂಡ ಬಡ ರೈತನ ಬೆಳೆ ನಾಲ್ಕನೇ ಜ್ವರ ಎದ್ದ ಮೇಲೆ ಕೈಕೊಟ್ಟರೆ ಆ ಮನೆಯ ಗತಿಯೇನೆಂಬುದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ.

ಹುಳುಗಳಿಂದ ಕಲಿತದ್ದನ್ನು ಪಾಶ್ಚರ್ ಕೋಳಿ, ಕುರಿಗಳ ರೋಗಗಳಿಗೂ ಅನ್ವಯಿಸಿದರು. 1881ರ ಮೇ ತಿಂಗಳಲ್ಲಿ ಪೂಯಿ ಲ ಫೋರ್ ಎಂಬ ಹಳ್ಳಿಯಲ್ಲಿ 24 ಕುರಿ, ಒಂದು ಮೇಕೆ ಮತ್ತು ಕೆಲವು ದನಗಳಿಗೆ ನೆರಡಿ ರೋಗದ ಲಸಿಕೆ ಹಾಕಿದರು. ಅಷ್ಟೇ ಕುರಿಗಳನ್ನು ಲಸಿಕೆಯಿಲ್ಲದೆ ಬಿಟ್ಟರು. ಆಮೇಲೆ ಎಲ್ಲಕ್ಕೂ ರೋಗಾಣುವನ್ನು ಚುಚ್ಚಿದಾಗ ಲಸಿಕೆ ಪಡೆದವು ಉಳಿದವು. ಉಳಿದ ಗುಂಪಿನ ಕುರಿಗಳು ಸತ್ತವು. ಆ ಲಸಿಕೆ ಸಹಾಯಕ ಶಾಂಬರ್ಲಾಂ ಅವರ ಕ್ರಮದಿಂದ ತಯಾರಾದದ್ದೆಂಬ ವಿಷಯ ಪಾಶ್ಚರ್ ಅವರ ನೋಟು ಪುಸ್ತಕಗಳಿಂದ ಬಹಳ ಕಾಲದ ನಂತರ ಬೆಳಕಿಗೆ ಬಂತು. ಸಾಧನೆಯ ಜೊತೆಗೆ ಇದನ್ನೂ ಹೇಳುವುದೇ ನ್ಯಾಯ. 1885ರ ಜುಲೈ 6ರಂದು ಹುಚ್ಚುನಾಯಿ ಕಡಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಚುಚ್ಚುಮದ್ದು ಆರಂಭಿಸಿದರು, ಹುಡುಗ ಬದುಕಿದ. 1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ತೀರಿಕೊಂಡರು.

ನಮ್ಮ ಶಾಲೆಯ ಮಕ್ಕಳಲ್ಲಿ ಒಂದು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ಪ್ರಯೋಗಾಲಯದ ಸೂಕ್ಷ್ಮದರ್ಶಕವನ್ನು ಬೀರುವಿನಲ್ಲೇ ಇರಲು ಬಿಡಬೇಡಿ. ನಿಮ್ಮ ಮೇಷ್ಟ್ರನ್ನು ಕೇಳಿ ಹೊರಗೆ ತೆಗೆಸಿ. ಮನೆಯಲ್ಲಿ ಸತ್ತ ಹುಳುವೊಂದಿದ್ದರೆ ತಂದು ನೋಡಿ. ಅಪ್ಪ ಅಮ್ಮ ಹಗಲಿರುಳು ಸೊಪ್ಪು ಹಾಕುವ ತಟ್ಟೆಯಲ್ಲೇ ನಿಮ್ಮ ವಿಜ್ಞಾನದ ಪಾಠವಿದೆ.